ಹಲ್ಲಿನ ಡಾಕ್ಟರಾಗುವ ದಾರಿ ಮತ್ತು ಬದಲಾದ ದಂತ ವೈದ್ಯಕೀಯ: ಬಳ್ಳಾರಿ, ರಾಯಚೂರು, ಕೊಪ್ಪಳದವರು ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ವಿಜ್ಞಾನ ಓದುತ್ತಿರುವ ಮಕ್ಕಳು, ಅವರ ತಂದೆತಾಯಿ, ಬಿಡಿಎಸ್ (ದಂತ ವೈದ್ಯ ಪದವಿ) ಮುಗಿಸಿ ಊರಿಗೆ ಮರಳಿ ಕ್ಲಿನಿಕ್ ತೆರೆಯುವ ಯೋಚನೆಯಲ್ಲಿರುವ ಹೊಸ ಡಾಕ್ಟರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ನಮ್ಮ ಬಿಸಿಲು, ನಮ್ಮ ಬೋರ್‌ವೆಲ್ ನೀರು, ಹೋಗಿ ಬರುವ ನಮ್ಮ ಕರೆಂಟಿನ ನಡುವೆ ಈ ಕೆಲಸ ಹೇಗೆ ನಡೆಯುತ್ತದೆ ಎಂಬುದಕ್ಕೆ ಬೇಕೆಂತಲೇ ಹೆಚ್ಚು ಜಾಗ ಕೊಟ್ಟಿದ್ದೇವೆ. ಪಠ್ಯಪುಸ್ತಕದಲ್ಲಿ ಅದು ಸಿಗುವುದಿಲ್ಲ.

ಬಿಡಿಎಸ್ ಸೇರಲು ಏನೇನು ಬೇಕು? ನಮ್ಮ ಭಾಗದವರಿಗೆ ಬೇರೆ ಸೌಲಭ್ಯ ಇದೆಯೇ?

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಇರಬೇಕು. ಮೂರು ವಿಜ್ಞಾನ ವಿಷಯಗಳಲ್ಲಿ ಒಟ್ಟಾರೆ ಸಾಮಾನ್ಯ ವರ್ಗದವರಿಗೆ ಶೇ. 50, ಮೀಸಲು ವರ್ಗದವರಿಗೆ ಶೇ. 40 ಅಂಕ ಬೇಕು. ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಇದರ ಮೇಲೆ ನೀಟ್ ಪರೀಕ್ಷೆ. ರಾಜ್ಯದ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುತ್ತದೆ.

ನಮ್ಮ ಜಿಲ್ಲೆಗಳಿಗೆ ಸಂವಿಧಾನದ 371(ಜೆ) ಅನ್ವಯಿಸುತ್ತದೆ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಸರ್ಕಾರ ಹಂಚುವ ಸೀಟುಗಳ ಪೈಕಿ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸ್ಥಳೀಯರಿಗೆ ಮೀಸಲು. ಇದಕ್ಕೆ ಉಪವಿಭಾಗದ ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರ ತರಬೇಕು. ನೀಟ್ ಫಲಿತಾಂಶ ಬಂದ ಮೇಲೆ ಓಡಾಡಿದರೆ ತಡವಾಗುತ್ತದೆ, ಎರಡನೇ ಪಿಯುಸಿ ಓದುವಾಗಲೇ ಮಾಡಿಸಿಟ್ಟುಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರೂ ಪ್ರಮಾಣಪತ್ರದ ಹೆಸರೂ ಅಕ್ಷರಕ್ಕೆ ಅಕ್ಷರ ಒಂದೇ ಇರಲಿ. ದಾಖಲೆ ಪರಿಶೀಲನೆಯ ದಿನ ತೊಡಕಾಗುವುದು ಸಾಮಾನ್ಯವಾಗಿ ಇಲ್ಲಿಯೇ.

ಹತ್ತಿರದ ಕಾಲೇಜುಗಳೆಂದರೆ ಬಳ್ಳಾರಿಯ ಸರ್ಕಾರಿ ದಂತ ವೈದ್ಯಕೀಯ ಕಾಲೇಜು, ರಾಯಚೂರಿನ ನವೋದಯ ಮತ್ತು ಎಎಂಇ ದಂತ ಕಾಲೇಜುಗಳು.

ಐದು ವರ್ಷ ಏನು ಕಲಿಸುತ್ತಾರೆ? ಬರೀ ಹಲ್ಲಿನ ಬಗ್ಗೆ ಅಷ್ಟು ವರ್ಷ ಬೇಕೇ?

ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಮೊದಲ ವರ್ಷ ಇಡೀ ದೇಹದ ಅಂಗರಚನೆ, ಶರೀರಕ್ರಿಯೆ, ಜೀವರಸಾಯನಶಾಸ್ತ್ರದ ಜೊತೆಗೆ ಮೇಣದ ತುಂಡಿನಲ್ಲಿ ಹಲ್ಲು ಕೆತ್ತುವುದು. ಈ ಕೆತ್ತನೆಯನ್ನು ಹಗುರವಾಗಿ ತೆಗೆದುಕೊಂಡವರು ಮುಂದೆ ಹಲ್ಲು ತುಂಬುವಾಗ ಅದರ ಉಬ್ಬುತಗ್ಗು ಸರಿಯಾಗಿ ಮೂಡಿಸಲಾಗದೆ ಒದ್ದಾಡುತ್ತಾರೆ. ಎರಡನೇ ವರ್ಷ ರೋಗಶಾಸ್ತ್ರ, ಸೂಕ್ಷ್ಮಜೀವಿ, ಔಷಧ, ದಂತ ಸಾಮಗ್ರಿಗಳು ಮತ್ತು ಗೊಂಬೆಯ ದವಡೆಯ ಮೇಲೆ ಅಭ್ಯಾಸ. ಮೂರನೇ ವರ್ಷ ಸಾಮಾನ್ಯ ವೈದ್ಯಕೀಯ ಅಂದರೆ ಮೆಡಿಸಿನ್, ಶಸ್ತ್ರಚಿಕಿತ್ಸೆ, ಬಾಯಿಯ ರೋಗಶಾಸ್ತ್ರ. ನಾಲ್ಕನೇ ವರ್ಷ ಪೂರ್ತಿ ದಂತ ವಿಭಾಗಗಳು.

ಮೂರನೇ ವರ್ಷದ ಮೆಡಿಸಿನ್ ಅನ್ನು ಪಾಸಾಗಲಷ್ಟೇ ಓದಬೇಡಿ. ಹಲ್ಲು ಕೀಳಿಸಲು ಬರುವ ಅಜ್ಜನಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯಕ್ಕೆ ಸ್ಟೆಂಟ್ ಎಲ್ಲ ಇರಬಹುದು. ಆಸ್ಪಿರಿನ್ ನುಂಗುತ್ತಿದ್ದಾರೆಂದು ಅದನ್ನು ನಿಲ್ಲಿಸಿ ಒಂದು ಹಲ್ಲು ಕೀಳುವುದು ತಪ್ಪು. ಹಲ್ಲಿನ ಗುಳಿಯ ರಕ್ತವನ್ನು ಹತ್ತಿ, ಹೊಲಿಗೆಗಳಿಂದ ತಡೆಯಬಹುದು, ಸ್ಟೆಂಟ್‌ನಲ್ಲಿ ಹೆಪ್ಪುಗಟ್ಟಿದರೆ ಜೀವಕ್ಕೇ ಅಪಾಯ.

ದಂತ ವೈದ್ಯರ 1948ರ ಕಾಯ್ದೆಯ ಜಾಗಕ್ಕೆ 2023ರಲ್ಲಿ ಸಂಸತ್ತು ರಾಷ್ಟ್ರೀಯ ದಂತ ಆಯೋಗ ಕಾಯ್ದೆಯನ್ನು ಅಂಗೀಕರಿಸಿತು. ಅಂತಿಮ ವರ್ಷದವರಿಗೆ ದೇಶಕ್ಕೆಲ್ಲ ಒಂದೇ ನಿರ್ಗಮನ ಪರೀಕ್ಷೆ ಎಂಬುದು ಅದರಲ್ಲಿದೆ. ಈಗ ಸೇರುವವರು ಇದನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಓದಬೇಕು.

ಎಂಬಿಬಿಎಸ್ ಸಿಗಲಿಲ್ಲ ಅಂತ ಬಿಡಿಎಸ್ ಸೇರಬಹುದೇ?

ಸೇರಬಹುದು, ಆದರೆ ಮೊದಲು ಕೈಯನ್ನು ಕೇಳಿ ನೋಡಿ. ಅಂಗೈಯಗಲದ ಜಾಗದಲ್ಲಿ, ಕನ್ನಡಿಯಲ್ಲಿ ತಿರುವುಮುರುವು ಕಾಣುವ ಹಲ್ಲಿನ ಮೇಲೆ, ಅರ್ಧ ಮಿಲಿಮೀಟರ್ ಲೆಕ್ಕದಲ್ಲಿ ದಿನಕ್ಕೆ ಎಂಟು ತಾಸು ಕೆಲಸ. ರಂಗೋಲಿ, ಕೆತ್ತನೆ, ಹೊಲಿಗೆ, ಗಡಿಯಾರ ರಿಪೇರಿ ಇಂಥವುಗಳಲ್ಲಿ ಮನಸ್ಸು ನಿಲ್ಲುವವರಿಗೆ ಇದು ಒಲಿಯುತ್ತದೆ.

ಹಿಂದೆ ಹಲ್ಲಿನ ಚಿಕಿತ್ಸೆ ಹೇಗಿತ್ತು? ನಿಜವಾಗಿ ಬದಲಾದದ್ದು ಏನು?

ಸಂತೆ, ಜಾತ್ರೆಗಳಲ್ಲಿ ಚಾಪೆ ಹಾಸಿ ಕೂತು ಇಕ್ಕಳದಿಂದ ಹಲ್ಲು ಕೀಳುವವರಿದ್ದ ಕಾಲ ಬಹಳ ದೂರದ್ದಲ್ಲ. ನಮ್ಮ ದೇಶದ ಮೊದಲ ದಂತ ಕಾಲೇಜನ್ನು ಡಾ. ರಫೀಉದ್ದೀನ್ ಅಹ್ಮದ್ ಅವರು ಕಲ್ಕತ್ತೆಯಲ್ಲಿ 1920ರಲ್ಲಿ ತೆರೆದರು. ನೋಂದಣಿಯಿಲ್ಲದೆ ವೃತ್ತಿ ಮಾಡಬಾರದು ಎಂಬ ಕಾನೂನು ಬಂದದ್ದು 1948ರಲ್ಲಿ.

ಹಲ್ಲು ಕೊರೆಯುವ ಯಂತ್ರ ಮೊದಲು ಹೊಲಿಗೆ ಯಂತ್ರದಂತೆ ಕಾಲಿನಿಂದ ತುಳಿಯುವುದಾಗಿತ್ತು, ಆಮೇಲೆ ಹಗ್ಗದ ಬೆಲ್ಟಿನ ವಿದ್ಯುತ್ ಯಂತ್ರ ಬಂತು. ಅದು ನಿಧಾನ, ಬಿಸಿ, ತಲೆಯೆಲ್ಲ ಅದುರುವಂಥದ್ದು. 1957ರಲ್ಲಿ ಗಾಳಿಯೊತ್ತಡದಿಂದ ನಿಮಿಷಕ್ಕೆ ಮೂರು ಲಕ್ಷ ಸುತ್ತಿನ ಆಸುಪಾಸು ತಿರುಗುವ ಏರೋಟಾರ್ ಬಂದ ಮೇಲೆ ಕೆಲಸದ ಚಹರೆಯೇ ಬೇರೆಯಾಯಿತು. ಅದಕ್ಕೂ ಮೊದಲೇ, 1940ರ ದಶಕದ ಕೊನೆಗೆ, ಲಿಗ್ನೋಕೇನ್ ಅರಿವಳಿಕೆ ಪೇಟೆಗೆ ಬಂದಿತ್ತು. ನೋವಿಲ್ಲದೆ, ಬೇಗ ಕೊರೆಯಲು ಬಂದದ್ದರಿಂದ ಹಲ್ಲನ್ನು ಉಳಿಸುವ ಕೆಲಸ ಎಲ್ಲರ ಕೈಗೆಟುಕಿತು. "ಕಿತ್ತೇ ಬಿಡ್ರಿ ಡಾಕ್ಟರ್ರೀ, ತಡಕೊಳ್ಳಾಕ ಆಗವಲ್ದು" ಎಂದು ಬಂದವರನ್ನು ಕೂರಿಸಿಕೊಂಡು, ಈ ಹಲ್ಲು ಉಳಿಯುತ್ತದೆ ಎಂದು ತಿಳಿಹೇಳುವುದು ಇಂದಿನ ದಂತವೈದ್ಯರ ಕೆಲಸದ ಅರ್ಧ ಭಾಗ.

ಬೆಳ್ಳಿ ತುಂಬುವುದು ನಿಂತು ಬಿಳಿ ಸಿಮೆಂಟ್ ಬಂದದ್ದು ಚಂದಕ್ಕಾಗಿ ಮಾತ್ರವೇ?

ಅಲ್ಲ. ಜನ ಬೆಳ್ಳಿ ಎನ್ನುವುದು ಅಮಾಲ್ಗಮ್: ಬೆಳ್ಳಿ, ತವರ, ತಾಮ್ರದ ಪುಡಿಯನ್ನು ಪಾದರಸದಲ್ಲಿ ಕಲಸಿದ್ದು. ಗಟ್ಟಿ, ಅಗ್ಗ, ಜೊಲ್ಲು ತಾಗಿದರೂ ಹೆಚ್ಚು ಕೆಡುವುದಿಲ್ಲ. ಆದರೆ ಅದು ಹಲ್ಲಿಗೆ ಅಂಟುವುದಿಲ್ಲ, ಸಿಕ್ಕಿಕೊಂಡು ನಿಲ್ಲುತ್ತದೆ. ಅದಕ್ಕಾಗಿ ಬಾಯಿ ಕಿರಿದು, ತಳ ಅಗಲ ಇರುವಂತೆ ಒಳ್ಳೆಯ ಹಲ್ಲನ್ನೂ ಕೊರೆಯಬೇಕಿತ್ತು. ಪಾದರಸದ ಬಳಕೆ ತಗ್ಗಿಸಲು 2013ರ ಮಿನಮಾಟ ಒಪ್ಪಂದವೂ ಬಂತು.

1955ರಲ್ಲಿ ಬ್ಯುನೊಕೋರ್ ಎಂಬುವರು ಆಮ್ಲ ಹಚ್ಚಿದ ಎನಾಮೆಲ್‌ಗೆ, ಅಂದರೆ ಹಲ್ಲಿನ ಗಟ್ಟಿ ಹೊರಪದರಕ್ಕೆ, ರಾಳ ಬಿಗಿಯಾಗಿ ಅಂಟುತ್ತದೆಂದು ತೋರಿಸಿದರು. ಜನ ಬಿಳಿ ಸಿಮೆಂಟ್ ಎನ್ನುವ ಈಗಿನ ಕಾಂಪೊಸಿಟ್ ನಿಂತಿರುವುದು ಅದರ ಮೇಲೆ. ಹುಳುಕು ತೆಗೆದು, ಶೇ. 37ರ ಫಾಸ್ಫಾರಿಕ್ ಆಮ್ಲವನ್ನು ಎನಾಮೆಲ್‌ಗೆ 15–30 ಸೆಕೆಂಡ್ ಹಚ್ಚಬೇಕು, ಒಳಗಿನ ಡೆಂಟಿನ್‌ಗೆ 15 ದಾಟಬಾರದು. ಚೆನ್ನಾಗಿ ತೊಳೆದು, ಡೆಂಟಿನ್ ಸ್ವಲ್ಪ ತೇವ ಇರುವಂತೆ ನೀರು ತೆಗೆದು, ಬಾಂಡಿಂಗ್ ದ್ರವ ಹಚ್ಚಿ, ಗಾಳಿಯಿಂದ ತೆಳುವಾಗಿಸಿ, ನೀಲಿ ಬೆಳಕು ಹಾಯಿಸಬೇಕು. ಆಮೇಲೆ ಕಾಂಪೊಸಿಟ್ ಅನ್ನು 2 ಮಿ.ಮೀ. ಪದರ ಪದರವಾಗಿ ಇಟ್ಟು, ಪ್ರತಿ ಪದರಕ್ಕೆ ಸುಮಾರು 20 ಸೆಕೆಂಡ್ ಬೆಳಕು.

ಕೆಡುವುದು ಎಲ್ಲಿ? ನಡುವೆ ಒಮ್ಮೆ ಜೊಲ್ಲು ತಾಗಿದರೂ ಅಂಟು ಹೋಯಿತು, ಮತ್ತೆ ಆಮ್ಲದಿಂದಲೇ ಶುರು ಮಾಡಬೇಕು. ಹಲ್ಲಿನ ಸುತ್ತ ಕಟ್ಟುವ ರಬ್ಬರ್ ಡ್ಯಾಮ್ ಇರುವುದು ಇದಕ್ಕಾಗಿ. 1864ರಿಂದ ಇದ್ದರೂ ಇಂದಿಗೂ ಎಷ್ಟೋ ಕ್ಲಿನಿಕ್‌ಗಳಲ್ಲಿ ಅದು ಡಬ್ಬಿಯಲ್ಲೇ ಉಳಿದಿರುವುದು ಬೇಸರದ ಸಂಗತಿ. ದಪ್ಪ ಪದರ ಒಂದೇ ಸಲ ತುರುಕಿದರೆ ತಳ ಹಸಿಯಾಗಿ ಉಳಿಯುತ್ತದೆ. ಬೆಳಕಿನ ತುದಿಗೆ ಹಳೆಯ ರಾಳ ಅಂಟಿದ್ದರೆ ಬೆಳಕು ಬಂದಂತೆ ಕಂಡರೂ ಬಲ ಇರುವುದಿಲ್ಲ. ಡೆಂಟಿನ್ ಪೂರ್ತಿ ಒಣಗಿಸಿದರೆ ತುಂಬಿಸಿಕೊಂಡ ಮರುದಿನವೇ "ಜುಂ ಅಂತದರಿ" ಎಂದು ರೋಗಿ ಬರುತ್ತಾರೆ.

ಬೇಸಿಗೆಯಲ್ಲಿ ಸಾಮಗ್ರಿಗಳು ಕೈಕೊಡುತ್ತವೆ ಎನ್ನುತ್ತಾರೆ. ಹೇಗೆ ನಿಭಾಯಿಸಬೇಕು?

ರಾಯಚೂರು, ಬಳ್ಳಾರಿಯಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಹೆಚ್ಚಿನ ದಂತ ಸಾಮಗ್ರಿಗಳ ಡಬ್ಬಿಯ ಮೇಲೆ ಬರೆದಿರುವ ಸಮಯ 23 ಡಿಗ್ರಿಯ ಕೋಣೆಗೆ ಲೆಕ್ಕ ಹಾಕಿದ್ದು. ಆ ಸಮಯವನ್ನು ನಂಬಿ ಕೂತರೆ ಕಲಸಿ ಮುಗಿಸುವ ಮುಂಚೆಯೇ ಗಟ್ಟಿಯಾಗುತ್ತದೆ.

ಅಳತೆ ತೆಗೆಯುವ ಆಲ್ಜಿನೇಟ್‌ಗೆ ಮಾಳಿಗೆ ಮೇಲಿನ ಟ್ಯಾಂಕಿನ ನೀರು ಹಾಕಬೇಡಿ, ಮಧ್ಯಾಹ್ನ ಅದು ಕೈ ಸುಡುತ್ತದೆ. 20ರಿಂದ 22 ಡಿಗ್ರಿ ನೀರು ಬೇಕು, ಮಡಿಕೆಯ ನೀರು ಅದಕ್ಕೆ ಹತ್ತಿರ ಬರುತ್ತದೆ. ಅಳತೆ ತೆಗೆದ ಮೇಲೆ ಒದ್ದೆ ಬಟ್ಟೆಯಲ್ಲಿ ಸುತ್ತಿ 10–15 ನಿಮಿಷದೊಳಗೆ ಪ್ಲಾಸ್ಟರ್ ಸುರಿಯಿರಿ. ಫ್ಯಾನಿನ ಕೆಳಗೆ ಬಿಟ್ಟರೆ ಒಣಗಿ ಕುಗ್ಗುತ್ತದೆ, ಹಲ್ಲಿನ ಸೆಟ್ಟು ಬಾಯಿಗೆ ಕೂರುವುದಿಲ್ಲ.

ಜಿಂಕ್ ಫಾಸ್ಫೇಟ್, ಗ್ಲಾಸ್ ಅಯೊನೊಮರ್ ಸಿಮೆಂಟುಗಳನ್ನು ಕಲಸುವ ಗಾಜಿನ ಹಲಗೆಯನ್ನು ತಂಪು ಮಾಡಿ, ಆದರೆ ಫ್ರಿಜ್‌ನಿಂದ ತೆಗೆದ ಕೂಡಲೇ ಅದರ ಮೇಲೆ ಬೆವರಿನಂತೆ ನೀರು ಕೂತರೆ ಒರೆಸಿ ಒಣಗಿಸಿಯೇ ಬಳಸಬೇಕು. ಕಲಸಿದ ಗ್ಲಾಸ್ ಅಯೊನೊಮರ್ ಹೊಳಪು ಕಳೆದುಕೊಂಡಿತೆಂದರೆ ಎಸೆಯಿರಿ, ಅದು ಹಲ್ಲಿಗೆ ಅಂಟುವುದಿಲ್ಲ.

ಇಂಜೆಕ್ಷನ್ ಕೊಟ್ಟರೂ ಜೋಮು ಹಿಡಿಯುವುದಿಲ್ಲ. ಏಕೆ?

ಮೂರು ಕಾರಣ ಮೊದಲು ನೋಡಿ. ಒಂದು, ಔಷಧವೇ ಬಿಸಿಲಿಗೆ ಕೆಟ್ಟಿರಬಹುದು. ನಾವು ಹೆಚ್ಚಾಗಿ ಬಳಸುವುದು ಶೇ. 2ರ ಲಿಗ್ನೋಕೇನ್, ಜೊತೆಗೆ 1:80,000 ಅಡ್ರಿನಲಿನ್. ಬಿಸಿ ಮತ್ತು ಬೆಳಕಿಗೆ ಅಡ್ರಿನಲಿನ್ ಬೇಗ ಹಾಳಾಗುತ್ತದೆ, ಆಗ ಜೋಮು ಬಂದರೂ ಹತ್ತೇ ನಿಮಿಷಕ್ಕೆ ಇಳಿಯುತ್ತದೆ. ಕಂದು ಬಣ್ಣಕ್ಕೆ ತಿರುಗಿದ ಬಾಟಲಿಯನ್ನು ಬಳಸಲೇಬಾರದು. ಮೆಡಿಕಲ್ ಅಂಗಡಿಯಿಂದ ತಂದು ಬೈಕಿನ ಡಿಕ್ಕಿಯಲ್ಲಿ ಮಧ್ಯಾಹ್ನವಿಡೀ ಬಿಟ್ಟದ್ದೂ ಲೆಕ್ಕಕ್ಕೆ ಬರುತ್ತದೆ.

ಎರಡು, ಕೀವು ತುಂಬಿದ ಜಾಗ ಆಮ್ಲೀಯವಾಗಿರುತ್ತದೆ, ಔಷಧ ನರದೊಳಕ್ಕೆ ಇಳಿಯುವುದಿಲ್ಲ. ಊತದಿಂದ ದೂರದಲ್ಲಿ ನರದ ಬುಡಕ್ಕೆ ಕೊಡಬೇಕು. ಮೂರು, ಅವಸರ. ಕೆಳದವಡೆಯ ನರಕ್ಕೆ ಕೊಟ್ಟ ಮೇಲೆ ತುಟಿ ದಪ್ಪವಾದಂತೆ ಅನಿಸುವವರೆಗೆ ಮೂರರಿಂದ ಐದು ನಿಮಿಷ ಕಾಯಬೇಕು.

ಪ್ರಮಾಣದ ಲೆಕ್ಕ ಮಕ್ಕಳಲ್ಲಿ ತಪ್ಪಬಾರದು. ಶೇ. 2 ಎಂದರೆ 1 ಮಿ.ಲೀ.ಯಲ್ಲಿ 20 ಮಿ.ಗ್ರಾಂ. ಕೆ.ಜಿ.ಗೆ 4.4 ಮಿ.ಗ್ರಾಂ. ಮಿತಿ ಇಟ್ಟರೆ 15 ಕೆ.ಜಿ.ಯ ಮಗುವಿಗೆ 66 ಮಿ.ಗ್ರಾಂ., ಅಂದರೆ 3.3 ಮಿ.ಲೀ. ಮಾತ್ರ. ಎರಡೂ ಬದಿಯ ಹಲ್ಲನ್ನು ಒಂದೇ ದಿನ ಮುಗಿಸಿ ಎಂದು ಪಾಲಕರು ಒತ್ತಾಯಿಸುವಾಗ ಈ ಲೆಕ್ಕ ಮರೆಯಬಾರದು. ಮನೆಗೆ ಹೋದ ಮೇಲೆ ಜೋಮು ಹಿಡಿದ ತುಟಿಯನ್ನು ಮಗು ಕಚ್ಚಿಕೊಳ್ಳದಂತೆ ಎರಡು ಮೂರು ತಾಸು ಕಣ್ಣಿಡಲು ತಾಯಿಗೆ ಹೇಳಿ ಕಳಿಸಿ.

ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂದವಾಗುತ್ತದಂತೆ?

ಇಲ್ಲ. ಹಲ್ಲಿನ ನರ ಬೇರೆ, ದೃಷ್ಟಿಯ ನರ ಬೇರೆ. ಈ ಭಯದಿಂದ ಕೀವು ತುಂಬಿದ ಮೇಲ್ದವಡೆಯ ಹಲ್ಲನ್ನು ಹಾಗೇ ಬಿಟ್ಟುಕೊಂಡರೆ ಊತ ಕಣ್ಣಿನ ಕೆಳಗಿನವರೆಗೂ ಏರಬಹುದು.

ರೂಟ್ ಕೆನಾಲ್‌ಗೆ ಮೊದಲು ಐದಾರು ಸಲ ಹೋಗಬೇಕಿತ್ತು. ಈಗ ಒಂದೇ ಸಲಕ್ಕೆ ಮುಗಿಸುತ್ತಾರೆ. ಯಾವುದು ಸರಿ?

ಹಲ್ಲಿನ ಸ್ಥಿತಿ ನೋಡಿ ಎರಡೂ ಸರಿ. ಹಿಂದೆ ನರ ಸಾಯಿಸಲು ಆರ್ಸೆನಿಕ್ ಮದ್ದು ಇಟ್ಟು ಕಳಿಸುತ್ತಿದ್ದರು, ಅದು ಸೋರಿದರೆ ಸುತ್ತಲಿನ ಮೂಳೆಯೇ ಸಾಯುತ್ತಿತ್ತು. ನಾಳದ ಉದ್ದ ತಿಳಿಯಲು ಎಕ್ಸ್-ರೇ ಫಿಲ್ಮ್ ತೊಳೆದು ಕಾಯಬೇಕಿತ್ತು. ಡೆವಲಪರ್ ದ್ರಾವಣ 20 ಡಿಗ್ರಿಯಲ್ಲಿ ಇರಬೇಕು, ನಮ್ಮ ಬೇಸಿಗೆಯಲ್ಲಿ ಫಿಲ್ಮ್ ಮಸುಕಾಗಿಯೇ ಬರುತ್ತಿತ್ತು. ಡಿಜಿಟಲ್ ಸೆನ್ಸರ್ ಬಂದದ್ದು ಬೇರೆಯವರಿಗಿಂತ ನಮಗೆ ದೊಡ್ಡ ವರ.

ಈಗಿನ ಕ್ರಮ ಹೀಗೆ. ಜೋಮು ಹಿಡಿಸಿ, ರಬ್ಬರ್ ಡ್ಯಾಮ್ ಕಟ್ಟಿ, ಹಲ್ಲಿನ ಮೇಲಿಂದ ದಾರಿ ಮಾಡಿ, ಎಲ್ಲ ನಾಳಗಳನ್ನೂ ಹುಡುಕಬೇಕು. ಮೇಲಿನ ಮೊದಲ ದವಡೆ ಹಲ್ಲಿಗೆ ಬಹಳ ಸಲ ಮರೆಯಲ್ಲಿ ನಾಲ್ಕನೆಯ ನಾಳ ಇರುತ್ತದೆ, ಅದು ತಪ್ಪಿದರೆ ಉಳಿದದ್ದು ಎಷ್ಟು ಚೆನ್ನಾಗಿ ಮಾಡಿದರೂ ನೋವು ಮರಳುತ್ತದೆ. ಬೇರಿನ ತುದಿ ಗುರುತಿಸುವ ಯಂತ್ರವಾದ ಅಪೆಕ್ಸ್ ಲೊಕೇಟರ್ ಮತ್ತು ಎಕ್ಸ್-ರೇ ಎರಡರಿಂದಲೂ ಉದ್ದ ತಾಳೆ ನೋಡಿ, ಬೇರಿನ ತುದಿಗಿಂತ 0.5–1 ಮಿ.ಮೀ. ಮೊದಲೇ ನಿಲ್ಲಬೇಕು. ನಾಳ ಕೆರೆಯುವ ನಿಕೆಲ್-ಟೈಟಾನಿಯಂ ಫೈಲುಗಳು (ಸೂಜಿಯಂಥ ಉಪಕರಣ) ಡೊಂಕು ನಾಳದಲ್ಲಿ ಬಾಗುತ್ತಾ ಹೋಗುವುದರಿಂದ ಸಮಯ ಉಳಿಯುತ್ತದೆ. ಆದರೆ ನಾಳ ಸ್ವಚ್ಛವಾಗುವುದು ಫೈಲಿಗಿಂತ ಹೆಚ್ಚಾಗಿ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣದಿಂದ. ಬದಿಗೆ ತೂತಿರುವ ಸೂಜಿ ಬಳಸಿ, ನಾಳದಲ್ಲಿ ಸಿಕ್ಕಿಸದೆ, ತುದಿಗಿಂತ 2 ಮಿ.ಮೀ. ಹಿಂದೆ ಹಿಡಿದು, ನಿಧಾನ ಬಿಡಬೇಕು. ಒತ್ತಿ ಹಾಯಿಸಿ ಬೇರಿನಾಚೆ ಹೋದರೆ ಕ್ಷಣದಲ್ಲಿ ಮುಖ ಊದಿಕೊಂಡು ವಿಪರೀತ ನೋವಾಗುತ್ತದೆ.

ನರಕ್ಕೆ ಇನ್ನೂ ಜೀವ ಇದ್ದು ಕೀವಿಲ್ಲದಿದ್ದರೆ ಒಂದೇ ಸಲ ಮುಗಿಸಬಹುದು. ಕೀವು ಸೋರುತ್ತಿದ್ದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇಟ್ಟು ಒಂದೆರಡು ವಾರ ಬಿಡುವುದೇ ಜಾಣತನ. ಫೈಲು ನಾಳದಲ್ಲಿ ಮುರಿಯಬಹುದು. ಮುರಿದರೆ ರೋಗಿಗೆ ಅಂದೇ ಹೇಳಿ, ಎಕ್ಸ್-ರೇ ತೋರಿಸಿ, ಕೇಸ್ ಹಾಳೆಯಲ್ಲಿ ಬರೆದಿಡಬೇಕು. ಮುಚ್ಚಿಟ್ಟದ್ದು ಇನ್ನೊಬ್ಬ ಡಾಕ್ಟರ ಎಕ್ಸ್-ರೇಯಲ್ಲಿ ಬೆಳ್ಳಗೆ ಕಂಡೇ ಕಾಣುತ್ತದೆ.

ಇನ್ನೊಂದು ಮಾತು. ನೋವು ನಿಂತಿತೆಂದು ಕ್ಯಾಪು ಹಾಕಿಸದೆ ಬಿಡುವವರು ಬಹಳ. ಕಡಕ್ ಸಜ್ಜೆ ರೊಟ್ಟಿ, ಹುರಿಗಡಲೆ ತಿನ್ನುವ ನಮ್ಮ ಬಾಯಲ್ಲಿ ಟೊಳ್ಳಾದ ದವಡೆ ಹಲ್ಲು ನಿಲ್ಲುವುದಿಲ್ಲ. ಉದ್ದಕ್ಕೆ ಸೀಳಿದರೆ ಕೀಳುವುದೊಂದೇ ದಾರಿ. ಕ್ಯಾಪಿನ ಖರ್ಚನ್ನು ಚಿಕಿತ್ಸೆ ಶುರುವಾಗುವ ಮುಂಚೆಯೇ ಸೇರಿಸಿ ಹೇಳುವುದು ಒಳ್ಳೆಯದು.

ಹಲ್ಲಿನ ಸೆಟ್ಟಿಗೆ ಇಷ್ಟು ಸಲ ಏಕೆ ಕರೆಯುತ್ತಾರೆ? ಸೆಟ್ಟು ಅಲುಗಾಡುವುದೇಕೆ?

ಪೂರ್ತಿ ಸೆಟ್ಟಿಗೆ ಸಾಮಾನ್ಯವಾಗಿ ಐದು ಭೇಟಿ: ಮೊದಲ ಅಳತೆ, ಅವರವರ ಬಾಯಿಗೇ ಮಾಡಿದ ತಟ್ಟೆಯಲ್ಲಿ ಎರಡನೇ ಅಳತೆ, ಮೇಣದ ಕಟ್ಟೆಯಿಂದ ದವಡೆಗಳ ಅಂತರ ಗುರುತಿಸುವುದು, ಮೇಣದಲ್ಲಿ ಜೋಡಿಸಿದ ಹಲ್ಲಿಟ್ಟು ನೋಡುವುದು, ಕೊನೆಗೆ ಕೊಡುವುದು. ಅಂತರ ಹೆಚ್ಚಾದರೆ ಮಾತಾಡುವಾಗ ಹಲ್ಲು ಟಕಟಕ ಬಡಿಯುತ್ತವೆ, ಕಡಿಮೆಯಾದರೆ ಮುಖ ಮುದುಡುತ್ತದೆ. ಮೇಣದ ಹಂತದಲ್ಲಿ ಮನೆಯವರನ್ನು ಜೊತೆಗೆ ಕರೆಸಿ ತೋರಿಸಿ, ಆಮೇಲೆ ತಿದ್ದಲು ಆಗುವುದಿಲ್ಲ.

ಲ್ಯಾಬಿನಲ್ಲಿ ಅಕ್ರಿಲಿಕ್ ಪುಡಿ ಮತ್ತು ದ್ರವ 3:1 ಪ್ರಮಾಣ. 74 ಡಿಗ್ರಿ ನೀರಿನಲ್ಲಿ ಎರಡು ತಾಸು, ಆಮೇಲೆ 100 ಡಿಗ್ರಿಯಲ್ಲಿ ಒಂದು ತಾಸು ಬೇಯಿಸಬೇಕು. ಅವಸರಕ್ಕೆ ನೇರ ಕುದಿಯುವ ನೀರಿಗೆ ಹಾಕಿದರೆ ಒಳಗಿನ ದ್ರವ ಕುದ್ದು ಗುಳ್ಳೆ ಬೀಳುತ್ತದೆ, ಆ ಜಾಗದಲ್ಲೇ ಸೆಟ್ಟು ಒಡೆಯುವುದು. ಬಿಸಿ ಇರುವಾಗಲೇ ಅಚ್ಚು ಬಿಚ್ಚಿದರೆ ಸೆಟ್ಟು ಸೊಟ್ಟಗಾಗುತ್ತದೆ.

ಹಲ್ಲು ಕೀಳಿಸಿದ ಮೇಲೆ ಎರಡು ಮೂರು ತಿಂಗಳು ಮೂಳೆ ಕುಗ್ಗುತ್ತದೆ. ಅದಕ್ಕೆ ಮುಂಚೆ ಮಾಡಿಸಿದ್ದು ಸಡಿಲವಾಗುವುದು ಸಹಜ. ಬಿಪಿಎಲ್ ಕಾರ್ಡಿನ ಹಿರಿಯರಿಗೆ ರಾಜ್ಯ ಸರ್ಕಾರದ ದಂತಭಾಗ್ಯ ಯೋಜನೆಯಲ್ಲಿ ಉಚಿತ ಸೆಟ್ಟು ಸಿಗುತ್ತದೆ, ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ಮೊದಲು ವಿಚಾರಿಸಿ.

ನಮ್ಮೂರ ಮಕ್ಕಳ ಹಲ್ಲು ಕಂದು. ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಏನು ಮಾಡಬೇಕು?

ಇದು ಕೊಳೆಯಲ್ಲ, ಮಗುವನ್ನು ಬೈಯಬೇಡಿ. ಕುಷ್ಟಗಿ, ಯಲಬುರ್ಗಾ ಕಡೆಯಂತೆ ಈ ಮೂರೂ ಜಿಲ್ಲೆಗಳ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ. ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನಕ. ಹಲ್ಲು ಒಸಡಿನೊಳಗೆ ಬೆಳೆಯುತ್ತಿರುವಾಗ, ಅಂದರೆ ಸುಮಾರು ಎಂಟು ವರ್ಷದವರೆಗೆ, ಹೆಚ್ಚಿನ ಫ್ಲೋರೈಡ್ ಹೊಟ್ಟೆಗೆ ಹೋದರೆ ಎನಾಮೆಲ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಮುಂಬಾಯಿನ ಹಲ್ಲುಗಳಿಗೆ ಮೊದಲ ಮೂರು ವರ್ಷ ಬಹಳ ಮುಖ್ಯ. ಹಲ್ಲು ಹೊರಬಂದ ಮೇಲೆ ನೀರು ಬದಲಿಸಿದರೆ ಆ ಹಲ್ಲಿನ ಕಲೆ ಹೋಗುವುದಿಲ್ಲ, ಆದರೆ ಎಲುಬಿಗೂ ಮುಂದಿನ ಮಗುವಿಗೂ ಉಪಕಾರವಾಗುತ್ತದೆ.

ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ; ನೀರು ಆವಿಯಾಗಿ ಉಳಿದದ್ದರಲ್ಲಿ ಸ್ವಲ್ಪ ಹೆಚ್ಚೇ ಆಗುತ್ತದೆ. ಕ್ಯಾಂಡಲ್ ಫಿಲ್ಟರ್‌ನಿಂದಲೂ ಪ್ರಯೋಜನವಿಲ್ಲ. ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕ ಇದ್ದರೆ ಅದರ ಪೊರೆಯನ್ನು ಕಾಲಕಾಲಕ್ಕೆ ಬದಲಿಸುತ್ತಿದ್ದಾರೆಯೇ ಎಂದು ಗ್ರಾಮ ಪಂಚಾಯ್ತಿಯಲ್ಲಿ ಕೇಳುವ ಹಕ್ಕು ನಿಮಗಿದೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಕಡಿಮೆ ತೋರಿಸಿತೆಂದರೆ ಫ್ಲೋರೈಡ್ ಇಲ್ಲ ಎಂದಲ್ಲ, ಅದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ತುಂಗಭದ್ರಾ, ಕೃಷ್ಣಾ ಹೊಳೆಯ ನೀರು ನಲ್ಲಿಯಲ್ಲಿ ಬರುವ ಊರಿನವರು ಕುಡಿಯಲು, ಅಡಿಗೆಗೆ ಅದನ್ನೇ ಬಳಸಿ. ಅನ್ನ, ಬೇಳೆ ಬೇಯಿಸುವ ನೀರೂ ಲೆಕ್ಕಕ್ಕೆ ಬರುತ್ತದೆ, ಇದನ್ನು ಬಹಳ ಜನ ಮರೆಯುತ್ತಾರೆ.

ಚಿಕಿತ್ಸೆ ಕಲೆಯ ಆಳ ನೋಡಿ. ತೆಳು ಕಂದಿಗೆ ಆಮ್ಲ ಮತ್ತು ಪ್ಯೂಮಿಸ್ ಪುಡಿಯಿಂದ ಮೇಲ್ಪದರ ಉಜ್ಜುವುದು, ಬೇಕಾದರೆ ಬ್ಲೀಚಿಂಗ್. ಗುಂಡಿ ಬಿದ್ದಿದ್ದರೆ ಕಾಂಪೊಸಿಟ್ ಇಲ್ಲವೇ ಪಿಂಗಾಣಿ ಹೊದಿಕೆ. ಹೊಸ ಡಾಕ್ಟರಿಗೆ ಒಂದು ಎಚ್ಚರಿಕೆ: ಫ್ಲೋರೋಸಿಸ್ (ಫ್ಲೋರೈಡಿನಿಂದ ಕೆಟ್ಟ) ಎನಾಮೆಲ್ ಆಮ್ಲಕ್ಕೆ ಬೇಗ ಕರಗುವುದಿಲ್ಲ. ಮೇಲ್ಪದರವನ್ನು ತುಸು ಉಜ್ಜಿ, ಆಮ್ಲದ ಸಮಯವನ್ನು 30–60 ಸೆಕೆಂಡಿಗೆ ಹೆಚ್ಚಿಸದಿದ್ದರೆ ತುಂಬಿದ್ದು ಕೆಲವೇ ತಿಂಗಳಲ್ಲಿ ಕಿತ್ತು ಬರುತ್ತದೆ. ಬೆಂಗಳೂರಿನಲ್ಲಿ ಕಲಿತು ಇಲ್ಲಿಗೆ ಬಂದವರು ಎಡವುವುದು ಇಲ್ಲಿಯೇ.

ಗುಟ್ಕಾ ತಿಂದವರಿಗೆ ಬಾಯಿ ತೆರೆಯಲು ಬರುವುದಿಲ್ಲ. ಇದು ವಾಸಿಯಾಗುತ್ತದೆಯೇ?

ಅಡಿಕೆಯಿಂದ ಕೆನ್ನೆಯ ಒಳಪದರ ಹಗ್ಗದಂತೆ ಬಿಗಿಯುವ ರೋಗ ಇದು. ಮೊದಲು ಖಾರ ತಡೆಯುವುದಿಲ್ಲ, ಬಾಯಿ ಉರಿ. ಆಮೇಲೆ ಒಳಗೆ ಬಿಳಚಿಕೊಂಡು, ಬಾಯಿ ತೆರೆಯುವುದು ಕಡಿಮೆಯಾಗುತ್ತಾ ಹೋಗುತ್ತದೆ. ಮನೆಯಲ್ಲೇ ನೋಡಿಕೊಳ್ಳಿ: ತನ್ನದೇ ಮೂರು ಬೆರಳು ಒಂದರ ಮೇಲೊಂದಿಟ್ಟು ಮುಂದಿನ ಹಲ್ಲುಗಳ ನಡುವೆ ಹೋಗಬೇಕು. ಎರಡೇ ಹೋದರೆ ಡಾಕ್ಟರ ಬಳಿ ಹೋಗಲು ತಡಮಾಡಬೇಡಿ.

ತಂಬಾಕಿಲ್ಲದ ಬರೀ ಅಡಿಕೆಯ ಪಾನ್ ಮಸಾಲಾದಿಂದಲೂ ಬರುತ್ತದೆ. ರಾಜ್ಯದಲ್ಲಿ 2013ರಿಂದ ಗುಟ್ಕಾ ನಿಷೇಧ ಇದ್ದರೂ ಮಸಾಲಾ ಒಂದು ಚೀಟಿ, ತಂಬಾಕು ಒಂದು ಚೀಟಿ ಎಂದು ಬೇರೆ ಬೇರೆ ಮಾರುತ್ತಾರೆ, ಬಾಯಿಯಲ್ಲಿ ಕೂಡಿದರೆ ಅದೇ ಗುಟ್ಕಾ. ಬಿಗಿದ ಪದರ ಮೊದಲಿನಂತಾಗುವುದಿಲ್ಲ. ಅಡಿಕೆ, ಗುಟ್ಕಾ ತಿನ್ನುವುದನ್ನು ಬಿಟ್ಟರೆ ಮುಂದುವರಿಯುವುದನ್ನು ತಡೆಯಬಹುದು, ಚುಚ್ಚುಮದ್ದು ಮತ್ತು ಬಾಯಿಯ ವ್ಯಾಯಾಮದಿಂದ ಕೆಲವು ಮಿಲಿಮೀಟರ್ ಮರಳಿ ಪಡೆಯಬಹುದು. ಇದು ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿ. ಎರಡು ವಾರ ಕಳೆದರೂ ಮಾಯದ ಹುಣ್ಣಿಗೆ ಬಯಾಪ್ಸಿ (ಸಣ್ಣ ತುಣುಕು ತೆಗೆದು ಪರೀಕ್ಷೆ) ಆಗಲೇಬೇಕು. ಮುಲಾಮು ಬರೆದುಕೊಟ್ಟು ತಿಂಗಳುಗಟ್ಟಲೆ ಕಾಯಿಸುವುದು ದೊಡ್ಡ ಅಪರಾಧ ಎಂದೇ ನಮ್ಮ ಅಭಿಪ್ರಾಯ. ಬಿಡಲು ನೆರವು ಬೇಕಾದವರಿಗೆ ರಾಷ್ಟ್ರೀಯ ಸಹಾಯವಾಣಿ 1800-11-2356 ಉಚಿತ.

ಊರಲ್ಲಿ ಕ್ಲಿನಿಕ್ ತೆರೆಯಲು ಯಾವ ಕಾಗದ ಬೇಕು, ಯಾವ ಸಾಮಾನು ಬೇಕು?

ಕರ್ನಾಟಕ ರಾಜ್ಯ ದಂತ ಪರಿಷತ್ತಿನ ನೋಂದಣಿ, ಜಿಲ್ಲೆಯಲ್ಲಿ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ, ಜೈವಿಕ ತ್ಯಾಜ್ಯಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಮತ್ತು ತ್ಯಾಜ್ಯ ಒಯ್ಯುವ ಘಟಕದ ಜೊತೆ ಒಪ್ಪಂದ, ಎಕ್ಸ್-ರೇ ಯಂತ್ರಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನೋಂದಣಿ. ಕಿತ್ತ ಹಲ್ಲು ಹಳದಿ ಚೀಲಕ್ಕೆ, ಸೂಜಿ ಬಿಳಿ ಡಬ್ಬಿಗೆ, ಕೈಗವಸು ಕೆಂಪಿಗೆ, ಗಾಜಿನ ಬಾಟಲಿ ನೀಲಿಗೆ. ಅಮಾಲ್ಗಮ್ ತುಂಬಿದ ಹಲ್ಲನ್ನು ಸುಡುವ ಚೀಲಕ್ಕೆ ಹಾಕಬಾರದು, ಪಾದರಸ ಆವಿಯಾಗುತ್ತದೆ.

ಕುರ್ಚಿಯ ಅಂದಕ್ಕಿಂತ ಅದರ ಹಿಂದಿನ ನೀರು, ಗಾಳಿ ಮುಖ್ಯ. ಎಣ್ಣೆರಹಿತ ಕಂಪ್ರೆಸರ್ ಕೊಳ್ಳಿ. ಎಣ್ಣೆಯ ಕಂಪ್ರೆಸರಿನಿಂದ ಗಾಳಿಯಲ್ಲಿ ಬರುವ ಸಣ್ಣ ಎಣ್ಣೆಹನಿ ಕಾಂಪೊಸಿಟ್‌ನ ಅಂಟನ್ನು ಹಾಳುಮಾಡುತ್ತದೆ. ಟ್ಯಾಂಕಿನಲ್ಲಿ ಕೂಡುವ ನೀರನ್ನು ದಿನಾ ಸಂಜೆ ಕೆಳಗಿನ ತಿರುಪು ಬಿಚ್ಚಿ ಬಿಡಿ. ಬೋರ್‌ವೆಲ್ ನೀರನ್ನು ನೇರ ಕುರ್ಚಿಗೆ ಕೊಟ್ಟರೆ ಏರೋಟಾರಿನ ಸಣ್ಣ ರಂಧ್ರಗಳು ಸುಣ್ಣ ಕಟ್ಟಿ ಮುಚ್ಚಿಹೋಗುತ್ತವೆ, ನೀರಿನ ತುಂತುರು ನಿಂತು ಹಲ್ಲು ಕಾದು ನರವೇ ಸಾಯಬಹುದು. ಪ್ರತ್ಯೇಕ ಬಾಟಲಿಯಲ್ಲಿ ಆರ್‌ಒ ನೀರು ಹಾಕುವ ವ್ಯವಸ್ಥೆಯಿರುವ ಕುರ್ಚಿಯನ್ನೇ ಆರಿಸಿ. ಗಣಿಧೂಳಿನ ರಸ್ತೆ ಬದಿಯಾದರೆ ಕಂಪ್ರೆಸರಿನ ಗಾಳಿ ಸೋಸುವ ಫಿಲ್ಟರನ್ನು ಕಂಪನಿ ಹೇಳಿದ ಅವಧಿಗಿಂತ ಬೇಗ ಬದಲಿಸಿ.

ಉಪಕರಣ ಕುದಿಸಿದರೆ ಸಾಕಲ್ಲವೇ?

ಸಾಲದು. ಬೀಜಾಣುಗಳು, ಅಂದರೆ ಕೆಲವು ಸೂಕ್ಷ್ಮಜೀವಿಗಳ ಗಟ್ಟಿ ಕವಚದ ರೂಪ, ಕುದಿಯುವ ನೀರಿನಲ್ಲಿ ಸಾಯುವುದಿಲ್ಲ. ಒತ್ತಡದ ಹಬೆಯಿಂದ ಸೋಂಕು ಕಳೆಯುವ ಆಟೋಕ್ಲೇವ್‌ನಲ್ಲಿ 121 ಡಿಗ್ರಿ, 15 ಪೌಂಡ್ ಒತ್ತಡ. ಚೀಲದಲ್ಲಿ ಹಾಕಿದ್ದಕ್ಕೆ 30 ನಿಮಿಷ. ಉಪಕರಣಕ್ಕೆ ರಕ್ತ ಅಂಟಿದ್ದರೆ ಮೊದಲು ತಿಕ್ಕಿ ತೊಳೆಯಬೇಕು, ಇಲ್ಲವೆಂದರೆ ಅದರಡಿ ಹಬೆ ಹೋಗುವುದೇ ಇಲ್ಲ. ನಡುವೆ ಕರೆಂಟು ಹೋದರೆ ಉಳಿದ ನಿಮಿಷ ಮಾತ್ರ ಓಡಿಸುವಂತಿಲ್ಲ, ಮೊದಲಿಂದ ಶುರು. ಬಣ್ಣ ಬದಲಾಗುವ ಪಟ್ಟಿ ಬಿಸಿ ತಾಗಿದ್ದನ್ನಷ್ಟೇ ಹೇಳುತ್ತದೆ, ಬೀಜಾಣು ಪರೀಕ್ಷೆಯೇ ನಿಜವಾದ ಸಾಕ್ಷಿ.

ದಂತವೈದ್ಯರ ಆರೋಗ್ಯಕ್ಕೆ ಏನು ಅಪಾಯ?

ಕುತ್ತಿಗೆ, ಸೊಂಟ ಮೊದಲು. ಬಗ್ಗಿ ನೋಡುವ ಬದಲು ರೋಗಿಯನ್ನು ಪೂರ್ತಿ ಮಲಗಿಸಿ, ಕನ್ನಡಿಯಲ್ಲಿ ನೋಡಿ ಕೆಲಸ ಮಾಡುವುದನ್ನು ಕಾಲೇಜಿನಲ್ಲೇ ರೂಢಿಸಿಕೊಳ್ಳಿ. ಹೆಪಟೈಟಿಸ್ ಬಿ ಲಸಿಕೆ 0, 1, 6ನೇ ತಿಂಗಳು. ಮುಗಿದು ಒಂದೆರಡು ತಿಂಗಳಿಗೆ ರಕ್ತದಲ್ಲಿ ಪ್ರತಿಕಾಯ ಬಂದಿದೆಯೇ ಎಂದು ನೋಡಿಸಿ. ಸೂಜಿ ಚುಚ್ಚಿದರೆ ಹಿಂಡಬೇಡಿ, ಸಾಬೂನು ನೀರಿನಲ್ಲಿ ತೊಳೆದು ಜಿಲ್ಲಾ ಆಸ್ಪತ್ರೆಗೆ ಆದಷ್ಟು ಬೇಗ ಹೋಗಿ. ಎಚ್‌ಐವಿ ತಡೆ ಔಷಧ 72 ತಾಸಿನೊಳಗೆ ಶುರುವಾಗಬೇಕು, ಎರಡು ತಾಸಿನೊಳಗಾದರೆ ಇನ್ನೂ ಒಳ್ಳೆಯದು. ಸಹಾಯಕರಿಗೂ ಲಸಿಕೆ ಕೊಡಿಸುವ ಹೊಣೆ ಡಾಕ್ಟರದ್ದೇ.

ಎಂಡಿಎಸ್ ಮಾಡಲೇಬೇಕೇ? ಸರ್ಕಾರಿ ಕೆಲಸ ಸಿಗುತ್ತದೆಯೇ?

ಎಂಡಿಎಸ್ ಎಂದರೆ ಬಿಡಿಎಸ್ ನಂತರದ ಸ್ನಾತಕೋತ್ತರ ಪದವಿ: ಮೂರು ವರ್ಷ, ಒಂಬತ್ತು ವಿಭಾಗ, ಪ್ರವೇಶ ನೀಟ್ ಎಂಡಿಎಸ್ ಮೂಲಕ. ಪಾಠ ಮಾಡುವ ಆಸೆಯಿದ್ದರೆ ಬೇಕೇ ಬೇಕು. ತಾಲ್ಲೂಕು ಊರಿನಲ್ಲಿ ಕ್ಲಿನಿಕ್ ನಡೆಸಲು ಒಳ್ಳೆಯ ಬಿಡಿಎಸ್ ಸಾಕು. ಹಲ್ಲಿಗೆ ತಂತಿ ಕಟ್ಟುವುದು, ಕಷ್ಟದ ಬುದ್ಧಿಹಲ್ಲು ಅಂದರೆ ಕೊನೆಯ ದವಡೆ ಹಲ್ಲಿನ ಶಸ್ತ್ರಚಿಕಿತ್ಸೆ, ಇಂಪ್ಲಾಂಟ್ ಇವಕ್ಕೆ ವಾರಕ್ಕೊಂದು ದಿನ ತಜ್ಞರನ್ನು ಕರೆಸುವ ಪದ್ಧತಿ ನಮ್ಮಲ್ಲಿ ಚೆನ್ನಾಗಿ ನಡೆಯುತ್ತಿದೆ. ಡಿಗ್ರಿ ಕೈಗೆ ಬಂದ ಕೂಡಲೇ ಸಾಲ ಮಾಡಿ ಕ್ಲಿನಿಕ್ ತೆರೆಯುವುದಕ್ಕಿಂತ ಒಂದೆರಡು ವರ್ಷ ಅನುಭವಿಗಳ ಕೈಕೆಳಗೆ ದುಡಿಯುವುದು ಲೇಸು.

ಸರ್ಕಾರದಲ್ಲಿ ದಂತ ಆರೋಗ್ಯಾಧಿಕಾರಿ ಹುದ್ದೆಗಳು ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿವೆ. ಹುದ್ದೆ ಕಡಿಮೆ, ಸ್ಪರ್ಧೆ ಹೆಚ್ಚು, ಆದರೆ ಇಲ್ಲೂ 371(ಜೆ) ನೆರವಿಗೆ ಬರುತ್ತದೆ. ಸೇನಾ ದಂತ ದಳವೂ ಒಂದು ದಾರಿ.

ಸ್ಕ್ಯಾನರ್, ಹಲ್ಲು ಕೆತ್ತುವ ಯಂತ್ರಗಳ ಕಾಲದಲ್ಲಿ ಹೊಸಬರು ಮೊದಲು ಏನು ಕೊಳ್ಳಬೇಕು?

ಒಳ್ಳೆಯ ಆಟೋಕ್ಲೇವ್, ಅಪೆಕ್ಸ್ ಲೊಕೇಟರ್, ಡಿಜಿಟಲ್ ಎಕ್ಸ್-ರೇ, ಕಣ್ಣಿಗೆ ಕಟ್ಟುವ ಭೂತಗನ್ನಡಿ ಅಂದರೆ ಲೂಪ್ಸ್, ಈ ಕ್ರಮದಲ್ಲಿ. ಬಾಯೊಳಗಿನ ಸ್ಕ್ಯಾನರ್ ಕೊನೆಗಿರಲಿ. ಅದು ಕಂಡದ್ದನ್ನು ಮಾತ್ರ ದಾಖಲಿಸುತ್ತದೆ. ಒಸಡಿನಡಿ ರಕ್ತ ತುಂಬಿ ಕ್ಯಾಪಿನ ಅಂಚು ಕಾಣದಿದ್ದರೆ ಲಕ್ಷಗಟ್ಟಲೆ ಬೆಲೆಯ ಯಂತ್ರವೂ ಅಂಚು ತೋರಿಸಲಾರದು.

ಅಲ್ಲಿಯವರೆಗೆ ಕ್ಯಾಪಿನ ಅಳತೆ ಬಸ್ಸಿನಲ್ಲೇ ಹುಬ್ಬಳ್ಳಿ, ಬೆಂಗಳೂರಿನ ಲ್ಯಾಬಿಗೆ ಹೋಗುತ್ತದೆ. ಆಲ್ಜಿನೇಟ್ ಅಳತೆಯನ್ನು ಹಾಗೆ ಕಳಿಸಬೇಡಿ, ದಾರಿಯಲ್ಲೇ ಕುಗ್ಗುತ್ತದೆ. ಅಡಿಷನ್ ಸಿಲಿಕೋನ್‌ನಲ್ಲಿ ತೆಗೆದದ್ದು ಒಂದು ವಾರ ಆಕಾರ ಬಿಡುವುದಿಲ್ಲ. ಅದನ್ನು ಕಲಸುವಾಗ ಲೇಟೆಕ್ಸ್ ಕೈಗವಸು ಹಾಕಿರಬಾರದು, ಅದರ ಗಂಧಕ ತಾಗಿದರೆ ಗಟ್ಟಿಯಾಗುವುದಿಲ್ಲ. ತೊಳೆದು, ಸೋಂಕುನಾಶಕದಲ್ಲಿ ಅದ್ದಿ, ಒಣಗಿಸಿ, ಗಟ್ಟಿ ಡಬ್ಬಿಯಲ್ಲಿಟ್ಟು, ಹಲ್ಲಿನ ಬಣ್ಣದ ನಂಬರು ಮತ್ತು ಕಚ್ಚಿಸಿದ ಅಚ್ಚನ್ನು ಜೊತೆಗಿಡಿ. ಬಣ್ಣ ನೋಡುವುದು ಹಲ್ಲು ಕೊರೆಯುವ ಮುಂಚೆ, ಹಗಲು ಬೆಳಕಿನಲ್ಲಿ ಆಗಲಿ. ಕೊರೆದ ಮೇಲೆ ಒಣಗಿದ ಹಲ್ಲು ಇದ್ದದ್ದಕ್ಕಿಂತ ಬೆಳ್ಳಗೆ ಕಾಣುತ್ತದೆ.